ದುಗ್ಗಪ್ಪ ಕಟ್ಟಿದ ಬೆವರುಮನೆ

ಮಂಜು ಬಿಟ್ಟರೆ ಬೇರೇನೂ ಸಮೃದ್ಧವಾಗಿ ಬೆಳೆಯದ ಒಂದು ಬೆಟ್ಟದ ರಾಜ್ಯವಿತ್ತು, ಮಕ್ಕಳೇ. ಅಲ್ಲಿನ ರಾಜನ ತಾಯಿ ಹೊನ್ನಾಜವ್ವ. ಚಳಿಗಾಲ ಬಂತೆಂದರೆ ಅವಳ ಮಂಡಿ ಹಿಡಿದುಕೊಳ್ಳುತ್ತಿತ್ತು. ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ.

"ಬೆವರುಮನೆ ಕಟ್ಟಿಸಿ" ಎಂದರು ವೈದ್ಯರು. ಬೆವರುಮನೆ ಎಂದರೆ ಬಚ್ಚಲಲ್ಲ. ಅದೊಂದು ಮರದ ಪುಟ್ಟ ಕೋಣೆ. ಒಳಗೆ ಕಾದ ಕಲ್ಲು, ಕೂರಲು ಮರದ ಹಲಗೆ. ಸುಮ್ಮನೆ ಕೂತರೆ ಸಾಕು, ಬೆವರಿಳಿದು ಕೀಲು ಸಡಿಲವಾಗುತ್ತದೆ. ಅದಕ್ಕೆ ಅಂಟು ಬಿಡದ, ಚೆನ್ನಾಗಿ ಒಣಗಿದ ಮರವೇ ಬೇಕು. ಮೊಳೆಯ ತಲೆ ಹೊರಗೆ ಇಣುಕಬಾರದು. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಚಳಿಗಾಲಕ್ಕೆ ಮೊದಲೇ ಕಟ್ಟುವ ಕೆಲಸ ಮಂತ್ರಿಯ ಭಾವಮೈದ ದುಗ್ಗಪ್ಪನಿಗೆ ಸಿಕ್ಕಿತು. ಅವನು ಅರಮನೆಯಲ್ಲಿ ಒಣಗಿಸಿಟ್ಟಿದ್ದ ಮರವನ್ನೆಲ್ಲ ಸಾಗಿಸಿ ತನ್ನ ಮನೆಗೆ ತೂಗುಮಂಚ ಮಾಡಿಸಿಕೊಂಡ. ಬೆವರುಮನೆಗೆ ಆಗಷ್ಟೇ ಕಡಿದ ಧೂಪದ ಮರ ಜಡಿದ. ಧೂಪದ ಮರವೆಂದರೆ ಮೈತುಂಬ ರಾಳ, ಅಂದರೆ ಗುಡಿಯಲ್ಲಿ ಧೂಪ ಹಾಕುವ ಅಂಟು, ತುಂಬಿಕೊಂಡ ಮರ.

ಹೊನ್ನಾಜವ್ವ ಕೋಲೂರಿಕೊಂಡು ನೋಡಲು ಬಂದಳು. ಗೋಡೆ ಮುಟ್ಟಿದಳು.

"ಕೈಗೆ ಅಂಟುತ್ತಲ್ಲೋ ದುಗ್ಗಪ್ಪ?"

"ಹೊಸ ಮರ ತಾಯಿ. ನಿಮ್ಮ ಮೇಲೆ ಪ್ರೀತಿ ಅದಕ್ಕೆ."

ಮತ್ತೊಂದು ದಿನ ಬಂದಳು.

"ಗುಡಿಯ ವಾಸನೆ ಬರುತ್ತಲ್ಲೋ?"

"ಶುಭಶಕುನ ತಾಯಿ."

ಮಗದೊಂದು ದಿನ ಬಂದಳು.

"ಮೊಳೆ ಇಣುಕುತ್ತಿವೆಯಲ್ಲೋ?"

"ಮೊಳೆಯಲ್ಲ ತಾಯಿ, ನಕ್ಷತ್ರ ಅಂದುಕೊಳ್ಳಿ."

ಕಲ್ಲು ಕಾಯಿಸಿದ ದಿನ ಅಜ್ಜಿ ಹೊನ್ನಾಜವ್ವ ಎಲ್ಲರೆದುರು ಹೇಳಿದಳು: "ಅರಮನೆಯಲ್ಲಿ ಅಡುಗೆ ಮಾಡಿದವನೇ ಮೊದಲ ತುತ್ತು ಉಣ್ಣೋದು ಪದ್ಧತಿ. ಕಟ್ಟಿದವನೇ ಮೊದಲು ಕೂರಲಿ. ಹೋಗಪ್ಪ ಒಳಗೆ."

ರಾಜ ನೋಡುತ್ತಿದ್ದ. ದುಗ್ಗಪ್ಪ ಒಲ್ಲೆ ಎನ್ನುವ ಹಾಗಿರಲಿಲ್ಲ. ಹೋಗಿ ಕೂತ, ಬಾಗಿಲು ಮುಚ್ಚಿದರು. ಕಾವೇರಿತು. ಕಾವಿಗೆ ರಾಳ ಕರಗಿತು, ಮೊಳೆ ಕೆಂಡವಾಯಿತು.

"ತಾಯಿ, ಹಲಗೆ ಕಚ್ಚಿಕೊಂಡಿದೆ" ಎಂದ ಒಳಗಿಂದ.

"ಪ್ರೀತಿ ಕಣೋ" ಎಂದಳು ಅಜ್ಜಿ ಹೊರಗಿಂದ.

"ಉಸಿರು ಕಟ್ಟುತ್ತಿದೆ ತಾಯಿ."

"ಶುಭಶಕುನ ಕಣೋ."

"ಬೆನ್ನು ಸುಡುತ್ತಿದೆ ತಾಯಿ."

"ನಕ್ಷತ್ರ ಎಣಿಸು, ತಿಳಿಯೋದಿಲ್ಲ."

ಕೊನೆಗೆ ದುಗ್ಗಪ್ಪ ಒಳಗಿಂದಲೇ ಒಪ್ಪಿಕೊಂಡ: "ಒಳ್ಳೆ ಮರ ನಮ್ಮ ಮನೇಲಿದೆ ತಾಯಿ, ತೂಗುಮಂಚದಲ್ಲಿ."

ಅಜ್ಜಿ ಬಾಗಿಲು ತೆರೆಸಿದಳು. ದುಗ್ಗಪ್ಪ ಹೊರಗೆ ಬಂದ, ಪಂಚೆ ಬರಲಿಲ್ಲ. ಅದು ಹಲಗೆಗೇ ಅಂಟಿತ್ತು.

ಅಂದೇ ತೂಗುಮಂಚ ಬಿಚ್ಚಿ ತಂದರು, ಆ ಮರದಲ್ಲೇ ಬೆವರುಮನೆಯನ್ನು ಮತ್ತೆ ಕಟ್ಟಿಸಿದರು. ದುಗ್ಗಪ್ಪನೇ ಕೂತು ಹಲಗೆ ಹಲಗೆಯನ್ನೂ ಉಜ್ಜಿದ, ಮೊಳೆಯ ತಲೆಯನ್ನೆಲ್ಲ ಒಳಗೆ ಹುದುಗಿಸಿದ. ಈ ಸಲವೂ ಮೊದಲು ಕೂತವನು ಅವನೇ. ಆ ಚಳಿಗಾಲ ಹೊನ್ನಾಜವ್ವ ಕೋಲಿಲ್ಲದೆ ಅಂಗಳ ಸುತ್ತಿದಳು. ಕೋಲನ್ನು ಬೆವರುಮನೆಯ ಬಾಗಿಲಿಗೆ ಅಗುಳಿ ಮಾಡಿದರು.

ನೀತಿ ಇಷ್ಟೇ ಮಕ್ಕಳೇ: ಇನ್ನೊಬ್ಬರಿಗೆ ಕಟ್ಟುವಾಗ ನಾವೇ ಕೂರುತ್ತೇವೆಂದುಕೊಂಡು ಕಟ್ಟಬೇಕು. ಮೋಸ ತಣ್ಣಗಿರುವಾಗ ಗಟ್ಟಿಯಾಗಿಯೇ ಕಾಣುತ್ತದೆ. ಕಾವು ತಗುಲಿದರೆ ಕರಗಿ, ಮಾಡಿದವನಿಗೇ ಅಂಟುತ್ತದೆ.