ಬಾಗಿಲ ಮೇಲಿನ ತೆನೆ

"ಗುರುಗಳೇ, ಉಗ್ರಾಣ ನೋಡಿಕೊಳ್ಳುವ ಗುರುಪಾದನ ಚೀಲವನ್ನು ದಿನವೂ ಬಿಚ್ಚಿ ನೋಡಲು ನನಗೆ ಅಪ್ಪಣೆ ಕೊಡುತ್ತೀರಾ? ಕಳ್ಳನಲ್ಲದಿದ್ದರೆ ಅವನಿಗೆ ಅದರಿಂದ ನಷ್ಟವೇನು?" ಎಂದು ಶಿಷ್ಯ ಪರ್ವತಯ್ಯ ಕೇಳಿದ.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಸೊಸೆ ತವರಿನಿಂದ ಬೀಜ ತಂದು ಹಿತ್ತಿಲಲ್ಲಿ ಜೋಳ ಬೆಳೆದಳು. ಪೇಟೆಯವರು ಪಾಪ್‌ಕಾರ್ನ್ ಎನ್ನುತ್ತಾರಲ್ಲ, ಹುರಿದರೆ ಹೂವಿನ ಹಾಗೆ ಅರಳುವ ಸಣ್ಣ ಕಾಳಿನ ಜೋಳ, ಅದು. ಫಸಲು ಬಂದಾಗ ಬೀಜಕ್ಕೆಂದು ಒಂದು ತೆನೆಯನ್ನು ಸಿಪ್ಪೆ ಸಮೇತ ನಡುಮನೆಯ ಬಾಗಿಲ ಮೇಲೆ ತೂಗುಹಾಕಿದಳು. ರೈತ ದಿನವೂ ಅದರ ಕೆಳಗೇ ಓಡಾಡುತ್ತಿದ್ದ.

ಉಳಿದ ತೆನೆಗಳನ್ನು ಬಿಡಿಸಲು ಅವಳು ಕೋಣೆಯೊಳಗೆ ಕುಳಿತಳು. ಒಳಗೆ ಹಲ್ಲುಗಳಿರುವ ಕಬ್ಬಿಣದ ಬಳೆಯೊಂದು ಅವಳ ಬಳಿ ಇತ್ತು. ತೆನೆಯನ್ನು ಅದರಲ್ಲಿ ತೂರಿಸಿ ತಿರುಚಿದರೆ ಕಾಳು ಉದುರುತ್ತಿತ್ತು. ಬಿಸಿಗಾಳಿ ತಾಗದಿರಲೆಂದು ಬಾಗಿಲು ಮುಚ್ಚಿಕೊಂಡಿದ್ದಳು.

ಆ ಮುಚ್ಚಿದ ಬಾಗಿಲು ರೈತನ ತಲೆ ಕೆಡಿಸಿತು. ಕಾಳು ಉದುರುವ ಸದ್ದು ನಿಂತರೆ, ಈಗ ಗಂಟು ಕಟ್ಟುತ್ತಿದ್ದಾಳೆ ಎಂದುಕೊಂಡ. ಸದ್ದು ಜೋರಾದರೆ, ಬೇಗ ಮುಗಿಸಿ ತವರಿಗೆ ಸಾಗಿಸುವ ಹುನ್ನಾರ ಎಂದುಕೊಂಡ. ಪಾಪ, ಅವಳು ಕೈ ನೊಂದಾಗ ನಿಲ್ಲಿಸುತ್ತಿದ್ದಳು, ಅಷ್ಟೇ.

"ಏನು ಮಾಡುವುದಿದ್ದರೂ ಅಂಗಳದಲ್ಲಿ ಮಾಡು, ನನ್ನ ಕಣ್ಣೆದುರಿಗೆ," ಎಂದ.

"ಬಿಸಿಲಿಗೆ ಕಾಳಿನೊಳಗಿನ ಪಸೆ ಆರಿಹೋಗುತ್ತದೆ ಮಾವ. ಆಮೇಲೆ ಅದು ಅರಳುವುದಿಲ್ಲ," ಎಂದಳು ಸೊಸೆ.

ಅದೂ ಅವನಿಗೆ ನೆಪವಾಗಿಯೇ ಕೇಳಿಸಿತು. ಅವಳು ಸುಡುಬಿಸಿಲಲ್ಲಿ ಕುಳಿತು ಬಿಡಿಸಿದಳು. ಅವನು ಜಗಲಿಯಲ್ಲಿ ಕುಳಿತು ಕಾವಲು ಕಾದ. ಕಾಳನ್ನು ಮಡಕೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಮೇಲೂ ಅವನಿಗೆ ಸಮಾಧಾನವಿಲ್ಲ. ಬೆಳಿಗ್ಗೆ, ಸಂಜೆ ಬಟ್ಟೆ ಬಿಚ್ಚಿ ಒಳಗೆ ಕೈಯಿಟ್ಟು ನೋಡುತ್ತಿದ್ದ. ಕಾಳು ತಗ್ಗಿದಂತೆ ತೋರಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಬೇಸಿಗೆಯಲ್ಲಿ ಸೊಸೆಯ ತಂದೆತಾಯಿ ಬಂದರು. ರೈತ ಅವರೆದುರಿಗೇ ಮಡಕೆಯ ಕಾಳನ್ನು ಬಾಣಲೆಗೆ ಹಾಕಿಸಿದ. ಒಂದು ಕಾಳೂ ಅರಳಲಿಲ್ಲ. ಎಲ್ಲ ಸೀದು ಕಪ್ಪಾಯಿತು.

"ನೋಡಿದಿರಾ? ಒಳ್ಳೆಯ ಕಾಳು ತೆಗೆದು ಜೊಳ್ಳು ತುಂಬಿಟ್ಟಿದ್ದಾಳೆ. ನಿಮ್ಮ ಮಗಳನ್ನು ನೀವೇ ಕರೆದುಕೊಂಡು ಹೋಗಿ," ಎಂದ ರೈತ. ಬೀಗರು ತಲೆ ತಗ್ಗಿಸಿ ನಿಂತರು.

ಸೊಸೆ ಅಳಲಿಲ್ಲ. ನಡುಮನೆಗೆ ಹೋಗಿ ಬಾಗಿಲ ಮೇಲೆ ತೂಗುತ್ತಿದ್ದ ತೆನೆಯನ್ನು ಇಳಿಸಿ ತಂದಳು. ಸಿಪ್ಪೆ ಸುಲಿದು, ಕಬ್ಬಿಣದ ಬಳೆಯಲ್ಲಿ ತಿರುಚಿ, ಆ ಕಾಳನ್ನು ಅದೇ ಬಾಣಲೆಗೆ ಹಾಕಿದಳು. ಅದು ಪಟಪಟನೆ ಸಿಡಿದು ಬೆಳ್ಳಗೆ ಅರಳಿತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಪರ್ವತಯ್ಯ ಹುಬ್ಬು ಗಂಟಿಕ್ಕಿ ಯೋಚಿಸಿದ.

"ಅಂದರೆ ಗುರುಗಳೇ, ಆ ಒಂದು ತೆನೆಯನ್ನಾದರೂ ಅವಳು ಬಚ್ಚಿಟ್ಟಿದ್ದಳು ಎಂದಾಯಿತಲ್ಲ?"

"ರೈತನೂ ಅದನ್ನೇ ಕೇಳಿದ," ಎಂದರು ಗುರುಗಳು.