ಎಡಗಡೆಯವನ ತುತ್ತು

ಒಂದೂರಲ್ಲಿ, ನಮ್ಮೂರಲ್ಲ ಕಣೋ, ಕಡಲೇ ಹೆಪ್ಪುಗಟ್ಟೋ ಬಡಗಣ ದೇಶದಲ್ಲಿ, ಥೋರಾ ಅನ್ನೋ ತಾಯಿ ಇದ್ದಳಂತೆ. ಅವಳಿಗೆ ಮೂರು ಗಂಡುಮಕ್ಕಳು, ಮೂವರೂ ವೈಕಿಂಗ್ ಅಣ್ಣತಮ್ಮಂದಿರ ದಂಡು ಸೇರಿದರಂತೆ. ಅಣ್ಣತಮ್ಮಂದಿರು ಅಂದ್ರೆ ರಕ್ತಸಂಬಂಧ ಅಲ್ಲ, ಆಣೆ ಸಂಬಂಧ. ಯಾವ ರಾಜ ಕೂಲಿ ಕೊಟ್ಟರೆ ಅವನ ಪರ ಹೊಡೆದಾಡೋರು. ಭಯ ಅನ್ನೋ ಮಾತು ಬಾಯಲ್ಲಿ ಬರಬಾರದು, ಮೂರು ದಿನಕ್ಕಿಂತ ಹೆಚ್ಚು ತಮ್ಮ ಕೋಟೆ ಬಿಟ್ಟಿರಬಾರದು, ಊಟಕ್ಕೆ ಕೂತರೆ ಮೊದಲ ತುತ್ತು ಎಡಗಡೆ ಕೂತವನಿಗೆ. ಎಡಗೈಲಿ ಅಲ್ಲವೋ ಮಂಕೇ, ಎಡಗಡೆಗೆ! ಆ ತುತ್ತು ತಿಂದವರನ್ನ ಪ್ರಾಣ ಕೊಟ್ಟಾದರೂ ಕಾಯಬೇಕಂತೆ. ಮನೆಗೆ ಬಂದಾಗಲೂ ಮಕ್ಕಳು ಹಂಗೇ ಮಾಡೋರು, ಥೋರಾ ನಗೋಳು.

ಆಮೇಲೆ ದೊಡ್ಡ ಕಡಲಯುದ್ಧ ಆಯ್ತಂತೆ. ಹಿರಿಯವನು ಹೋದ, ನಡುವಿನವನೂ ಹೋದ, ಕಿರಿಯವನು, ಕೆಟಿಲ್ ಅಂತ ಅವನ ಹೆಸರು, ಗೆದ್ದ ರಾಜನ ಕೈಗೆ ಸಿಕ್ಕಿಬಿದ್ದ. ಸೋತ ಸೈನಿಕನನ್ನ ಬಿಟ್ಟುಬಿಡಬೇಕು, ಕಳ್ಳನಾದರೆ ನೇಣಿಗೆ ಹಾಕಬೇಕು, ಅದು ಅಲ್ಲಿಯ ಕಟ್ಟಳೆ. ರಾಜ ಅಂದನಂತೆ, ಅಂಥ ದಂಡೇ ಇರಲಿಲ್ಲ, ಅದೆಲ್ಲ ಅಜ್ಜಿ ಕತೆ, ಇವನು ಕಳ್ಳ. ನೋಡು ಅವನ ಕೊಬ್ಬು, ಅಜ್ಜಿ ಕತೆ ಅಂದ್ರೆ ಅಷ್ಟು ಸದರವೇ!

ಥೋರಾ ಎದ್ದುಬಿದ್ದು ಓಡಿಬಂದು ಕಾಲು ಹಿಡಿದಳಂತೆ. ನನ್ನ ಊಟ ಮುಗಿಯೋದರೊಳಗೆ ದಂಡು ಇತ್ತು ಅನ್ನೋಕೆ ಸಾಕ್ಷಿ ತೋರಿಸು, ಇಲ್ಲಾಂದ್ರೆ ಇವನು ನೇಣಿಗೆ ಅಂದನಂತೆ ರಾಜ. ಅವರ ಕೋಟೆ ಇತ್ತಲ್ಲ ಒಡೆಯಾ ಅಂದಳು. ಎಲ್ಲಿದೆ ತೋರಿಸು ಅಂದ. ಮರದ ಕೋಟೆ, ಸುಟ್ಟು ಬೂದಿಯಾಗಿ ಆ ಬೂದಿನೂ ಕಡಲಪಾಲು. ಹಿರಿಯ ಮಗನ ಹೆಸರು ಕಲ್ಲಲ್ಲಿ ಕೆತ್ತಿಸಿದ್ದೀನಿ ಅಂದಳು. ಮಗನ ಹೆಸರಿದೆ, ದಂಡಿನ ಹೆಸರೆಲ್ಲಿ ಅಂದ. ಮೂರನೇ ಸಾಕ್ಷಿ ಅವಳ ಹತ್ರ ಇರಲಿಲ್ಲ. ಆ ಕಡೆ ಕೆಟಿಲ್ ಕೊರಳಿಗೆ ಹಗ್ಗ ಬಿತ್ತು.

ಆಗ ಅವಳ ಕಣ್ಣು ರಾಜನ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದ ಅವನ ಮುದಿ ಅಂಗರಕ್ಷಕ ಹಾಲ್ವಾರ್ಡನ ಮೇಲೆ ಬಿತ್ತು. ಆ ಮುದುಕ ರೊಟ್ಟಿ ಮುರಿದ, ಮೊದಲ ತುಂಡು ಎಡಗಡೆ ಇಟ್ಟ. ಎಡಗಡೆ ಯಾರೂ ಇರಲಿಲ್ಲ!

ಇವನೂ ಆ ದಂಡಿನವನೇ ಅಂತ ಅವಳು ಬೆರಳು ತೋರಿಸಿ ಕೂಗಿದ್ದರೆ ಮುದುಕನ ತಲೆ ಅಲ್ಲೇ ಉರುಳ್ತಿತ್ತೋ ಏನೋ. ಅವಳು ಕೂಗಲಿಲ್ಲ. ಸುಮ್ಮನೆ ಹೋಗಿ ಅವನ ಎಡಗಡೆ ಕೂತು ಆ ತುಂಡು ಬಾಯಿಗೆ ಹಾಕ್ಕೊಂಡಳಂತೆ. ನನ್ನ ಮಕ್ಕಳೂ ಹಿಂಗೇ ಇಡೋರಪ್ಪ, ಇನ್ನು ಒಬ್ಬನೇ ಉಳಿದಿದ್ದಾನೆ, ಅಂದಳಂತೆ.

ಮುದುಕ ತಟ್ಟನೆ ಎದ್ದ, ಕತ್ತಿ ಬಿಚ್ಚಿ ರಾಜನ ಮುಂದಿಟ್ಟ. ದಂಡು ಇತ್ತು ಒಡೆಯಾ, ಒಂದು ಕಾಲಕ್ಕೆ ನಾನೂ ಅದರವನೇ, ಈಗ ಈ ತಾಯಿ ನನ್ನ ತುತ್ತು ತಿಂದಿದ್ದಾಳೆ, ಹಗ್ಗ ಎಳೆಯೋದಾದರೆ ಮೊದಲು ನನ್ನ ಕೊರಳಿಗೆ ಹಾಕು, ಅಂದನಂತೆ.

ರಾಜನ ಕೈ ಕತ್ತಿಗೆ ಹೋಯ್ತು. ಇಪ್ಪತ್ತು ವರ್ಷ ನನ್ನ ಪಂಕ್ತಿಯಲ್ಲಿ ಕೂತು ನಿನ್ನ ಎಡಗಡೆ ಕಾಲಿ ಜಾಗಕ್ಕೆ ರೊಟ್ಟಿ ಇಟ್ಟು ಯಾರನ್ನ ಕಾಯ್ತಿದ್ದೆಯೋ ಅಂತ ಕೇಳಿದನಂತೆ ರಾಜ. ಸತ್ತ ಅಣ್ಣತಮ್ಮಂದಿರನ್ನ ಅಂದನಂತೆ ಮುದುಕ. ರಾಜ ತಲೆ ತಗ್ಗಿಸಿ ಕೈ ಹಿಂದಕ್ಕೆ ತಗೊಂಡ, ಹಗ್ಗ ಬಿಚ್ಚಿಸಿದ.

ಆಮೇಲೆ ಥೋರಾ ಮಗನನ್ನೂ ಆ ಮುದುಕನನ್ನೂ ಮನೆಗೆ ಕರ್ಕೊಂಡು ಬಂದಳಂತೆ. ಮೂವರೂ ದುಂಡಗೆ ಕೂತು ಉಂಡರು, ಯಾರ ಎಡಗಡೆಯೂ ಕಾಲಿ ಇರಲಿಲ್ಲ. ಆ ಕೋಟೆ ಎಲ್ಲಿತ್ತೋ ಇವತ್ತಿಗೂ ಯಾರಿಗೂ ಸಿಕ್ಕಿಲ್ಲವಂತೆ. ಸಿಗದಿದ್ದರೆ ಬಿಡು, ನನ್ನ ಕತೆಯಂತೂ ಮುಗೀತು, ನೀನಿನ್ನು ನನ್ನ ಎಡಗಡೆ ಒತ್ತಿಕೊಂಡು ಮಲಕ್ಕೋ.