ಸೆರಗಿನ ಗಂಟು

"ಗುರುಗಳೇ, ಮಕ್ಕಳನ್ನು ಸಾಕುವುದು ಹೇಗೆಂದು ತಾಯಂದಿರಿಗೆ ಕಲಿಸಲು ಆಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಸೂರಿಲ್ಲದ ಸಂಸಾರಗಳಿಗಾಗಿ ಮಠದ ಹಳೆಯ ದನದ ಕೊಟ್ಟಿಗೆಗೆ ಸುಣ್ಣ ಹೊಡೆಸಿ, ಚಾಪೆ ಹಾಸಿ, ಅನ್ನ ನೀರಿನ ಏರ್ಪಾಡು ಮಾಡಿದ್ದವನು ಅವನೇ. ಬೆಳಿಗ್ಗೆ ಅಲ್ಲಿನ ತಾಯಂದಿರಿಗೆ ಪಾಠ ಹೇಳುವವನೂ, ಸಂಜೆ ಎಲ್ಲರೂ ಒಳಗೆ ಸೇರಿದ ಮೇಲೆ ಬಾಗಿಲು ಭದ್ರಪಡಿಸಿ ಬರುವವನೂ ಅವನೇ. ಎರಡು ತಿಂಗಳಾಗಿತ್ತು. ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ, ಎದ್ದು ಹೋಗಿ ತಮಗೆ ತಿಳಿದದ್ದನ್ನೇ ಮಾಡುತ್ತಾರೆ ಎಂಬುದು ಅವನ ದೂರು. ಕಲಿಯುವ ಮನಸ್ಸೇ ಇಲ್ಲದವರ ಮುಂದೆ ಇನ್ನೆಷ್ಟು ದಿನ ಗಂಟಲು ಹರಿದುಕೊಳ್ಳಲಿ ಎಂದ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಪಕ್ಕಕ್ಕೆ ಸರಿಸಿ, ಗಂಟಲಿಗೆ ಸ್ವಲ್ಪ ರಜೆ ಕೊಡು, ಕೂತು ಕೇಳು ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಉಳ್ಳವನು, ಮನಸ್ಸೂ ಒಳ್ಳೆಯದು. ಮನೆಯಿಲ್ಲದವರು ಮಕ್ಕಳೊಂದಿಗೆ ಬೀದಿಯಲ್ಲಿ ಮಲಗುವುದನ್ನು ನೋಡಲಾರದೆ ತನ್ನ ಮೆಣಸಿನಕಾಯಿ ಗೋದಾಮನ್ನು ಖಾಲಿ ಮಾಡಿಸಿ, ಕೋಣೆಗೊಂದು ಸಂಸಾರದಂತೆ ಬಿಟ್ಟುಕೊಟ್ಟ. ಒಂದು ತಿಂಗಳು ಎಲ್ಲರೂ ಸೀನಿದರು, ಆಮೇಲೆ ಒಗ್ಗಿಹೋಯಿತು. ತಾಯಂದಿರಿಗೆ ಪಾಠ ಹೇಳಲು ಶಾಲೆಯಿಂದ ನಿವೃತ್ತರಾದ ಒಬ್ಬ ಹೆಂಗಸನ್ನು ಗೊತ್ತುಮಾಡಿದ. ಊರವರು ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಮೂರು ಮಕ್ಕಳನ್ನು ಸಾಕಿ ದಡ ಸೇರಿಸಿದವರು. ಮಕ್ಕಳ ವಿಷಯದಲ್ಲಿ ತಮಗೆ ತಿಳಿಯದ್ದು ಯಾವುದೂ ಇಲ್ಲವೆಂದು ಅವರು ನಂಬಿದ್ದರು. ಬೇರೆಯವರೂ ಹಾಗೇ ನಂಬಬೇಕೆಂಬ ಆಸೆಯೂ ಇತ್ತು.

ಮಾಘದ ಚಳಿಯಲ್ಲಿ ದ್ಯಾಮವ್ವ ಎಂಬವಳು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಅಲ್ಲಿಯವರೆಗೆ ಸಂತೆ ಮೈದಾನದ ಕಟ್ಟೆಯೇ ಅವರ ಮನೆ. ಮಗುವಿಗೆ ವಿಪರೀತ ಕೆಮ್ಮು. ದ್ಯಾಮವ್ವ ಮಗುವಿನ ಲಂಗದ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಕೂತರೂ ಗಂಟು, ನಿಂತರೂ ಗಂಟು, ಮಧ್ಯಾಹ್ನ ಅಡ್ಡಾದರೂ ಗಂಟು. ಉಳಿದ ಮಕ್ಕಳು ಅಂಗಳದಲ್ಲಿ ಕುಣಿಯುತ್ತಿದ್ದರೆ ಆ ಮಗು ಸೆರಗನ್ನು ಎಳೆದು ಎಳೆದು ಸುಮ್ಮನಾಗುತ್ತಿತ್ತು.

ಅಕ್ಕೋರಿಗೆ ಕರುಳು ಚುರುಕ್ಕೆಂದಿತು. ಮಗು ಓಡಾಡಬೇಕು, ಬೀಳಬೇಕು, ಏಳಬೇಕು ಎಂದು ನಯವಾಗಿ ಹೇಳಿದರು. ದ್ಯಾಮವ್ವ ಹ್ಞೂಂ ಎಂದಳು. ಮರುದಿನ ಗಂಟು ಇದ್ದಲ್ಲೇ ಇತ್ತು. ವಾರವಿಡೀ ಇದೇ ಆಯಿತು. ಕೊನೆಗೆ ಅಕ್ಕೋರಿಗೆ ಮೈ ಉರಿದು, ಮಗುವೇನು ಕರುವೇ ಕಟ್ಟಿಹಾಕಲು, ಗಂಟು ಬಿಚ್ಚುವುದಾದರೆ ಇಲ್ಲಿರು ಎಂದು ಎಲ್ಲರೆದುರೇ ಅಂದುಬಿಟ್ಟರು. ದ್ಯಾಮವ್ವ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ ಅವಳ ಕೋಣೆ ಖಾಲಿ.

ಹೋದರೆ ಹೋಗಲಿ ಎಂದುಕೊಂಡು ಅಕ್ಕೋರು ಪಾಠ ಶುರುಮಾಡಿದರು. ಅರ್ಧಕ್ಕೇ ನಿಲ್ಲಿಸಿದರು. ಆ ಕೆಮ್ಮಿಗೆ ಈ ಚಳಿ ಸೇರಿದರೆ ಮಗು ಉಳಿದೀತೇ ಎಂದು ಹೆದರಿಕೆಯಾಯಿತು. ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತು, ಹೊರಗಟ್ಟಿದವರು ತಾವೇ ಅಲ್ಲವೇ. ಸಂತೆ ಮೈದಾನಕ್ಕೆ ನಡೆದರು.

ದ್ಯಾಮವ್ವ ಕಟ್ಟೆಯ ಮೇಲಿದ್ದಳು, ಗಂಟೂ ಇತ್ತು. ಅಕ್ಕೋರು ಬೈಯಲು ಬಂದವರಲ್ಲ. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ, ಸುಮ್ಮನಿರಬೇಕಲ್ಲ. ತಲೆಯ ಮೇಲಿದ್ದ ಸೂರು ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಗದರಿದರು. ದ್ಯಾಮವ್ವ ಮೊದಲ ಸಲ ತಲೆಯಾಡಿಸದೆ ಮಾತಾಡಿದಳು. ಇದೇ ಕಟ್ಟೆಯ ಮೇಲೆ ಒಮ್ಮೆ ತನಗೆ ಕಣ್ಣು ಹತ್ತಿದ್ದಾಗ ಯಾರೋ ಮಗುವನ್ನು ಎತ್ತಿಕೊಂಡು ಹೋಗಿದ್ದರು, ದೇವರ ದಯೆಯಿಂದ ಸಂಜೆ ಹೊತ್ತಿಗೆ ಪಕ್ಕದೂರಿನಲ್ಲಿ ಸಿಕ್ಕಿತು, ಅಂದಿನಿಂದ ಗಂಟು ಹಾಕದೆ ರೆಪ್ಪೆ ಮುಚ್ಚಿಲ್ಲ ಎಂದಳು. ಆಮೇಲೆ ಕೇಳಿದಳು:

"ಅಕ್ಕೋರೆ, ನಿಮ್ಮ ಮನಿ ಬಾಗಿಲಿಗೆ ಚಿಲಕ ಒಳಗ ಐತೋ, ಹೊರಗೋ?"

"ಒಳಗ ಐತಿ. ಯಾಕ?"

"ಗೋದಾಮಿನ್ಯಾಗ ಹೊರಗಷ್ಟ ಐತ್ರಿ. ಯಾರ ಬೇಕಾದ್ರೂ ತಗದು ಬರಬಹುದು. ನನಗ ಈ ಗಂಟೇ ಚಿಲಕರಿ."

ಅಕ್ಕೋರು ಅವಳ ಪಕ್ಕದಲ್ಲೇ ಕೂತರು. ಮೆಣಸಿನಕಾಯಿ ಚೀಲಕ್ಕೆ ಒಳಗಿನ ಚಿಲಕ ಏತಕ್ಕೆ? ಚೀಲ ಇದ್ದಲ್ಲಿ ಮನುಷ್ಯರನ್ನಿಟ್ಟರು, ಚಿಲಕದ ನೆನಪು ಯಾರಿಗೂ ಆಗಲಿಲ್ಲ. ತಮ್ಮ ಮಕ್ಕಳನ್ನು ಒಂದು ದಿನವೂ ಕಟ್ಟಿಹಾಕಲಿಲ್ಲ ಎಂದು ಅಕ್ಕೋರು ಪ್ರತಿ ಪಾಠದಲ್ಲೂ ಹೇಳಿಕೊಂಡಿದ್ದರು. ಅಷ್ಟು ವರ್ಷವೂ ಚಿಲಕ ಹಾಕಿಯೇ ಮಲಗಿದ್ದನ್ನು ಮಾತ್ರ ಒಂದು ಪಾಠದಲ್ಲೂ ಹೇಳಿರಲಿಲ್ಲ. ಅದೂ ಒಂದು ಹೇಳುವ ವಿಷಯವೆಂದು ಅವರಿಗೆ ಹೊಳೆದೇ ಇರಲಿಲ್ಲ.

ಅಂದು ಪಾಠ ಮುಂದುವರಿಯಲಿಲ್ಲ, ಬಡಗಿ ಬಂದ. ವಿಷಯ ತಿಳಿದ ವ್ಯಾಪಾರಿ ಹಣೆ ಹಣೆ ಬಡಿದುಕೊಂಡ. ಇಳಿಹೊತ್ತಿಗೆ ಎಲ್ಲ ಕೋಣೆಗಳಿಗೂ ಒಳಗಡೆ ಚಿಲಕ ಕೂತಿತು. ದ್ಯಾಮವ್ವ ಮಗಳೊಂದಿಗೆ ಮರಳಿ ಬಂದು ತನ್ನ ಕೋಣೆಯ ಒಳಗೆ ಹೋಗಿ ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಆ ಸದ್ದು ಹೊರಗೆ ನಿಂತ ಅಕ್ಕೋರಿಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಈ ಗೋಡೆಯಿಂದ ಆ ಗೋಡೆಗೆ ಪುಟ್ಟ ಕಾಲುಗಳು ದಡದಡ ಓಡುವ ಸದ್ದು ಕೇಳಿತು. ಗಂಟು ಬಿಚ್ಚು ಎಂದು ಆ ದಿನ ಯಾರೂ ಹೇಳಿರಲಿಲ್ಲ. ಅಕ್ಕೋರು ಅಲ್ಲೇ ನಿಂತು ಅತ್ತುಬಿಟ್ಟರು.

ಮರುದಿನ ಪಾಠಕ್ಕೆ ದ್ಯಾಮವ್ವ ಎಲ್ಲರಿಗಿಂತ ಮೊದಲು ಬಂದು ಮುಂದೆಯೇ ಕೂತಳು. ಮಗುವಿನ ಕೆಮ್ಮಿಗೆ ಏನು ಕೊಡಬೇಕು ಎಂದು ಅವಳೇ ಬಾಯಿಬಿಟ್ಟು ಕೇಳಿದಳು.

ಕತೆ ಮುಗಿಸಿ ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಹಾಗಾದರೆ ನಾಳೆ ಯಾವ ಪಾಠದಿಂದ ಶುರುಮಾಡಲಿ ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಅವರೆಕಾಯಿ ಬಿಡಿಸಿದರು, ಇನ್ನೊಂದನ್ನು ಕೈಗೆತ್ತಿಕೊಂಡರು.

"ದಿನಾ ಸಂಜೆ ನೀನು ಹಾಕಿ ಬರುತ್ತೀಯಲ್ಲ, ಆ ಚಿಲಕ ಬಾಗಿಲಿನ ಯಾವ ಕಡೆಗಿದೆ?"